ಒಂದು ಸೆಕೆಂಡಿಗೆ ಎಷ್ಟು ಅಂಕಿ? ಡಿಜಿಟಲ್ ಧ್ವನಿಯ ಗಡಿಯಾರದ ಚರಿತ್ರೆ



ನಿಮ್ಮ ಕಾಲೇಜಿನ ವಾರ್ಷಿಕೋತ್ಸವದ ಒಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ವೇದಿಕೆಯ ಮೇಲೆ ಗಾಯನ ನಡೆದಿದೆ. ಸಭಾಂಗಣದ ಹಿಂಭಾಗದಲ್ಲಿ ಮೇಜಿನ ಮೇಲೆ ಒಂದು ಡಿಜಿಟಲ್ ಮಿಕ್ಸರ್ ಇದೆ. ವೇದಿಕೆಯ ಪಕ್ಕದಲ್ಲಿ ಇನ್ನೊಂದು ಡಿಜಿಟಲ್ ಪೆಟ್ಟಿಗೆ ಇದೆ. ಎಲ್ಲ ಮೈಕುಗಳ ಧ್ವನಿಯನ್ನೂ ಅದು ಅಂಕಿಗಳನ್ನಾಗಿ ಮಾಡಿ, ಒಂದೇ ತಂತಿಯಲ್ಲಿ ಮಿಕ್ಸರಿಗೆ ಕಳುಹಿಸುತ್ತಿದೆ. ಹಾಡು ಸ್ಪಷ್ಟವಾಗಿಯೇ ಕೇಳುತ್ತಿದೆ. ಆದರೆ ಸುಮಾರು ಎರಡು ಸೆಕೆಂಡಿಗೊಮ್ಮೆ ಸ್ಪೀಕರಿನಿಂದ ‘ಟಿಕ್’ ಎಂಬ ಸಣ್ಣ ಸದ್ದು ಬರುತ್ತಿದೆ. ಮೈಕು ಬದಲಾಯಿಸಿದರೂ ಅದು ಹೋಗುವುದಿಲ್ಲ, ತಂತಿ ಬದಲಾಯಿಸಿದರೂ ಹೋಗುವುದಿಲ್ಲ. ವಿರಾಮದ ವೇಳೆಯಲ್ಲಿ ತಿಳಿದವರೊಬ್ಬರು ಬಂದು ಮಿಕ್ಸರಿನ ಪರದೆಯಲ್ಲಿ ಒಂದು ಪುಟವನ್ನು ತೆರೆದು, ಒಂದೇ ಒಂದು ಆಯ್ಕೆಯನ್ನು ಬದಲಾಯಿಸುತ್ತಾರೆ. ಸದ್ದು ನಿಂತುಹೋಗುತ್ತದೆ.

ಆ ಪುಟದಲ್ಲಿ ಮುಖ್ಯವಾಗಿ ಇದ್ದದ್ದು ಎರಡು ಸಾಲುಗಳು. ಒಂದು ‘ಸ್ಯಾಂಪಲ್ ದರ’: 44.1 ಕಿಲೋಹರ್ಟ್ಸ್ ಅಥವಾ 48 ಕಿಲೋಹರ್ಟ್ಸ್. ಇನ್ನೊಂದು ‘ಕ್ಲಾಕ್’: ಗಡಿಯಾರ ಒಳಗಿನದೋ ಹೊರಗಿನದೋ ಎಂಬುದು. ಧ್ವನಿಯನ್ನು ಬೆರೆಸುವ ಯಂತ್ರಕ್ಕೆ ಗಡಿಯಾರವೇಕೆ ಬೇಕು? ಆ ಸಂಖ್ಯೆಗಳಾದರೂ ಏಕೆ ಅಷ್ಟು ವಿಚಿತ್ರವಾಗಿವೆ? ದುಂಡಾಗಿ 40 ಎಂದೋ 50 ಎಂದೋ ಇಡಬಾರದಿತ್ತೇ? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ನಾವು ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕು.

ಧ್ವನಿ ಅಂಕಿಯಾದ ಬಗೆ

ಧ್ವನಿಯೆಂದರೆ ಗಾಳಿಯ ಒತ್ತಡದಲ್ಲಿ ಆಗುವ ಏರಿಳಿತವೆಂದು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಮೈಕು ಈ ಏರಿಳಿತವನ್ನು ವಿದ್ಯುತ್ತಿನ ಏರಿಳಿತವಾಗಿ ಮಾಡುತ್ತದೆ. ಈ ವಿದ್ಯುತ್ ಅಲೆಯ ಎತ್ತರವನ್ನು ಸಮಾನ ಅಂತರದ ಗಳಿಗೆಗಳಲ್ಲಿ ಅಳೆದು ಬರೆದುಕೊಳ್ಳುತ್ತಾ ಹೋದರೆ ನಮಗೆ ಅಂಕಿಗಳ ಒಂದು ಸಾಲು ದೊರೆಯುತ್ತದೆ. ಒಂದೊಂದು ಅಳತೆಯೂ ಒಂದು ‘ಸ್ಯಾಂಪಲ್’. ಒಂದು ಸೆಕೆಂಡಿಗೆ ಎಷ್ಟು ಬಾರಿ ಅಳೆಯುತ್ತೇವೆಯೋ ಅದೇ ಸ್ಯಾಂಪಲ್ ದರ.

ಎಷ್ಟು ಬಾರಿ ಅಳೆದರೆ ಸಾಕು? 1928ರಲ್ಲಿ ಅಮೆರಿಕದ ಹ್ಯಾರಿ ನೈಕ್ವಿಸ್ಟ್ ತಂತಿ ಸಂದೇಶಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಇದರ ಬೀಜವಿತ್ತು. 1933ರಲ್ಲಿ ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಕೊತೆಲ್ನಿಕೊವ್ ಇದನ್ನು ಸಿದ್ಧಾಂತವಾಗಿ ಮಂಡಿಸಿದರು. 1949ರಲ್ಲಿ ಬೆಲ್ ಪ್ರಯೋಗಾಲಯದ ಕ್ಲಾಡ್ ಶ್ಯಾನನ್ ಅದನ್ನು ಎಲ್ಲರಿಗೂ ತಿಳಿಯುವಂತೆ ನಿರೂಪಿಸಿದರು. ಅದರ ಸಾರ ಇಷ್ಟು: ಧ್ವನಿಯಲ್ಲಿರುವ ಅತಿ ಹೆಚ್ಚಿನ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆದರೆ ಮೂಲ ಅಲೆಯನ್ನು ಪೂರ್ತಿಯಾಗಿ ಮರಳಿ ಪಡೆಯಬಹುದು. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಬಲ್ಲದು. ಆದ್ದರಿಂದ ಸೆಕೆಂಡಿಗೆ 40,000ಕ್ಕಿಂತ ಹೆಚ್ಚು ಅಳತೆಗಳು ಬೇಕು. ಕೇಳಿಸದ ಮೇಲಿನ ಆವೃತ್ತಿಗಳನ್ನು ಶೋಧಿಸಿ ತೆಗೆಯುವ ಫಿಲ್ಟರು ಒಮ್ಮೆಲೇ ಕತ್ತರಿಸಲಾರದು, ಅದಕ್ಕೂ ಸ್ವಲ್ಪ ಜಾಗ ಬೇಕು. ಹಾಗಾಗಿ 40,000ಕ್ಕಿಂತ ತುಸು ಮೇಲಿನ ಯಾವ ಸಂಖ್ಯೆಯಾದರೂ ಆದೀತು ಎಂದು ವಿಜ್ಞಾನ ಹೇಳುತ್ತದೆ. ಆದರೆ ‘ಯಾವ ಸಂಖ್ಯೆ’ ಎಂಬುದನ್ನು ವಿಜ್ಞಾನ ಹೇಳುವುದಿಲ್ಲ. ಅದನ್ನು ತೀರ್ಮಾನಿಸಿದ್ದು ಚರಿತ್ರೆ.

ಧ್ವನಿಯನ್ನು ಹೀಗೆ ಅಂಕಿಗಳ ರೂಪದಲ್ಲಿ ಕಳುಹಿಸಬಹುದೆಂಬ ಕಲ್ಪನೆಯನ್ನು 1937ರಲ್ಲಿ ಮುಂದಿಟ್ಟವರು ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಬ್ರಿಟಿಷ್ ಎಂಜಿನಿಯರ್ ಅಲೆಕ್ ರೀವ್ಸ್. ಆಗ ಇದ್ದದ್ದು ರೇಡಿಯೋ ವಾಲ್ವುಗಳ ಕಾಲ. ಅಷ್ಟೊಂದು ವಾಲ್ವುಗಳನ್ನು ಜೋಡಿಸಿ ಇದನ್ನು ಸಾಧಿಸುವುದು ತೀರ ದುಬಾರಿಯಾಗಿತ್ತು. ಟ್ರಾನ್ಸಿಸ್ಟರ್ ಬರುವವರೆಗೂ ಆ ಕಲ್ಪನೆ ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು.

ಇಲ್ಲಿ ಒಂದು ಮಾತನ್ನು ಗಮನಿಸಿ. ಅಂಕಿಗಳ ಸಾಲಿನಲ್ಲಿ ಅಲೆಯ ಎತ್ತರ ಮಾತ್ರ ಇದೆ. ಯಾವ ಗಳಿಗೆಯಲ್ಲಿ ಅಳೆದದ್ದು ಎಂಬುದು ಅಂಕಿಯೊಳಗೆ ಇಲ್ಲ. ಓದುವ ಯಂತ್ರವು ಬರೆದ ಯಂತ್ರದ ವೇಗದಲ್ಲಿಯೇ ಓದುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಆ ನಂಬಿಕೆಯನ್ನು ಕಾಯುವುದೇ ಗಡಿಯಾರದ ಕೆಲಸ.

ಯುದ್ಧಕಾಲದ ಮೊದಲ ಪಾಠ

ಈ ಪಾಠ ಮೊದಲು ಕಲಿತದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಮೆರಿಕ ಮತ್ತು ಬ್ರಿಟನ್ನಿನ ನಾಯಕರು ಸಾಗರದಾಚೆಗೆ ಗುಟ್ಟಾಗಿ ಮಾತನಾಡಲೆಂದು ಬೆಲ್ ಪ್ರಯೋಗಾಲಯದವರು ‘ಸಿಗ್‌ಸ್ಯಾಲಿ’ ಎಂಬ ಯಂತ್ರವನ್ನು ರಚಿಸಿದರು. 1943ರ ಜುಲೈ ತಿಂಗಳಲ್ಲಿ ಅದು ವಾಷಿಂಗ್ಟನ್ ಮತ್ತು ಲಂಡನ್ ನಡುವೆ ಕೆಲಸ ಆರಂಭಿಸಿತು. ಒಂದು ಕಡೆಯ ಯಂತ್ರವೇ 50 ಟನ್ನಿಗೂ ಹೆಚ್ಚು ತೂಗುತ್ತಿತ್ತು. ಮಾತಿನ ಗುಣಗಳನ್ನು ಸೆಕೆಂಡಿಗೆ 50 ಬಾರಿ ಅಳೆದು ಅಂಕಿಗಳನ್ನಾಗಿ ಮಾಡಿ, ಅವಕ್ಕೆ ಗ್ರಾಮಾಫೋನ್ ತಟ್ಟೆಯೊಂದರಲ್ಲಿ ಮುದ್ರಿಸಿದ್ದ ಗೊತ್ತುಗುರಿಯಿಲ್ಲದ ಸದ್ದಿನ ಅಂಕಿಗಳನ್ನು ಕೂಡಿಸಿ ಕಳುಹಿಸುತ್ತಿದ್ದರು. ಕೇಳುವವರ ಬಳಿ ಅದೇ ತಟ್ಟೆಯ ಜೋಡಿ ಪ್ರತಿಯಿತ್ತು. ಆ ಅಂಕಿಗಳನ್ನು ಕಳೆದರೆ ಮಾತು ಮರಳಿ ಬರುತ್ತಿತ್ತು.

ಆದರೆ ಎರಡು ತಟ್ಟೆಗಳೂ ಒಂದೇ ಗಳಿಗೆಯಲ್ಲಿ ಆರಂಭವಾಗಿ ಒಂದೇ ವೇಗದಲ್ಲಿ ತಿರುಗಬೇಕಿತ್ತು. ಒಂದು ಸ್ವಲ್ಪ ಹಿಂದೆ ಬಿದ್ದರೂ ಮಾತಿನ ಬದಲು ಬರೀ ಗದ್ದಲ. ಸಾವಿರಾರು ಮೈಲಿ ದೂರದ ಎರಡು ಯಂತ್ರಗಳನ್ನು ಹೀಗೆ ಜೊತೆಯಲ್ಲಿ ನಡೆಸಿದ್ದು ಕ್ವಾರ್ಟ್ಜ್ ಹರಳು. ಈ ಹರಳಿಗೆ ವಿದ್ಯುತ್ ಕೊಟ್ಟರೆ ಅದು ತನ್ನದೇ ಆದ ಸ್ಥಿರ ವೇಗದಲ್ಲಿ ಕಂಪಿಸುತ್ತದೆ. ಬೆಲ್ ಪ್ರಯೋಗಾಲಯದ ವಾರೆನ್ ಮ್ಯಾರಿಸನ್ 1927ರಲ್ಲಿಯೇ ಕ್ವಾರ್ಟ್ಜ್ ಗಡಿಯಾರವನ್ನು ತಯಾರಿಸಿದ್ದರು. ಈಗ ನಿಮ್ಮ ಕೈಗಡಿಯಾರದಲ್ಲಿ ಇರುವುದೂ, ಡಿಜಿಟಲ್ ಮಿಕ್ಸರಿನ ಒಳಗೆ ಇರುವುದೂ ಇದೇ ಜಾತಿಯ ಹರಳು.

ಯುದ್ಧ ಮುಗಿದ ಮೇಲೆ ಇದೇ ವಿದ್ಯೆ ದೂರವಾಣಿಗೆ ಬಂದಿತು. 1962ರಲ್ಲಿ ಅಮೆರಿಕದ ಬೆಲ್ ಸಂಸ್ಥೆ 24 ಸಂಭಾಷಣೆಗಳನ್ನು ಅಂಕಿಗಳ ರೂಪದಲ್ಲಿ ಒಟ್ಟಿಗೆ ಸಾಗಿಸುವ ಮಾರ್ಗವನ್ನು ಬಳಕೆಗೆ ತಂದಿತು. ಪ್ರತಿಯೊಂದು ಮಾತನ್ನೂ ಸೆಕೆಂಡಿಗೆ 8,000 ಬಾರಿ ಅಳೆಯಲಾಗುತ್ತಿತ್ತು. ಮಾತು ಅರ್ಥವಾಗಲು ಅಷ್ಟು ಸಾಕು. ಆದರೆ ಸಂಗೀತಕ್ಕೆ ಅದು ಏನೇನೂ ಸಾಲದು.

44,100 ಎಲ್ಲಿಂದ ಬಂತು?

1970ರ ದಶಕದಲ್ಲಿ ಸಂಗೀತವನ್ನು ಅಂಕಿಗಳಲ್ಲಿ ಮುದ್ರಿಸುವ ಯತ್ನಗಳು ಹಲವು ಕಡೆ ಒಟ್ಟಿಗೆ ನಡೆದವು. ಪ್ರತಿಯೊಬ್ಬರದೂ ಬೇರೆ ಬೇರೆ ಸಂಖ್ಯೆ. ಬ್ರಿಟನ್ನಿನ ಬಿ.ಬಿ.ಸಿ. 1972ರಲ್ಲಿ ತನ್ನ ಪ್ರಸಾರ ಕೇಂದ್ರಗಳಿಗೆ ಧ್ವನಿಯನ್ನು ಕಳುಹಿಸಲು 32,000 ಬಾರಿಯ ದರವನ್ನು ಆರಿಸಿಕೊಂಡಿತು. ಎಫ್.ಎಂ. ಪ್ರಸಾರದ ಧ್ವನಿ 15,000 ಹರ್ಟ್ಸ್‌ವರೆಗೆ ಇದ್ದರೆ ಸಾಕಾದ್ದರಿಂದ ಅದಕ್ಕೆ ಅಷ್ಟೇ ಬೇಕಿತ್ತು. ಅದೇ ವರ್ಷ ಜಪಾನಿನ ಡೆನಾನ್ ಕಂಪನಿಯ ಮುದ್ರಣ ಯಂತ್ರ 47,250 ಬಾರಿ ಅಳೆಯುತ್ತಿತ್ತು. ಅಮೆರಿಕದಲ್ಲಿ ಥಾಮಸ್ ಸ್ಟಾಕ್‌ಹ್ಯಾಮ್ ಸ್ಥಾಪಿಸಿದ ಸೌಂಡ್‌ಸ್ಟ್ರೀಮ್ ಕಂಪನಿಯ ಯಂತ್ರ ಕೊನೆಗೆ 50,000ಕ್ಕೆ ನಿಂತಿತು. ಒಬ್ಬರ ಟೇಪನ್ನು ಇನ್ನೊಬ್ಬರ ಯಂತ್ರದಲ್ಲಿ ಹಾಕಿದರೆ ಶ್ರುತಿಯೂ ಕೆಡುತ್ತದೆ, ಕಾಲವೂ ಕೆಡುತ್ತದೆ.

ಈ ಗೊಂದಲದ ನಡುವೆ 44,100 ಎಂಬ ಸಂಖ್ಯೆ ಬಂದದ್ದು ಸಂಗೀತದಿಂದಲ್ಲ, ದೂರದರ್ಶನದಿಂದ! ಅಷ್ಟೊಂದು ಅಂಕಿಗಳನ್ನು ತುಂಬಿಡಬಲ್ಲ ಅಗ್ಗದ ಸಾಧನ ಆಗ ಬೇರೆ ಇರಲಿಲ್ಲ. ಇದ್ದದ್ದು ವಿಡಿಯೋ ಟೇಪು. ಸೋನಿ ಕಂಪನಿ ಧ್ವನಿಯ ಅಂಕಿಗಳನ್ನು ಕಪ್ಪು ಬಿಳುಪು ಚುಕ್ಕೆಗಳ ಚಿತ್ರವನ್ನಾಗಿ ಮಾಡಿ ವಿಡಿಯೋ ಟೇಪಿನಲ್ಲಿ ಮುದ್ರಿಸಿತು. ಚಿತ್ರದ ಒಂದೊಂದು ಗೆರೆಯಲ್ಲಿ ಪ್ರತಿ ಧ್ವನಿಪಥದ ಮೂರು ಸ್ಯಾಂಪಲ್‌ಗಳನ್ನು ಇಡಲಾಯಿತು. ಈಗ ಸ್ವಲ್ಪ ಲೆಕ್ಕ ಮಾಡೋಣ. ಅಮೆರಿಕ ಮತ್ತು ಜಪಾನಿನ ಪದ್ಧತಿಯಲ್ಲಿ ಸೆಕೆಂಡಿಗೆ 60 ಅರ್ಧಚಿತ್ರಗಳು, ಪ್ರತಿಯೊಂದರಲ್ಲಿ ಬಳಸಲು ಬರುವ ಗೆರೆಗಳು 245. 60ನ್ನು 245ರಿಂದ, ಮತ್ತೆ 3ರಿಂದ ಗುಣಿಸಿದರೆ 44,100. ಯುರೋಪಿನ ಪದ್ಧತಿಯಲ್ಲಿ, ಅಂದರೆ ಅನಲಾಗ್ ಕಾಲದಲ್ಲಿ ನಮ್ಮ ದೂರದರ್ಶನವೂ ಅನುಸರಿಸುತ್ತಿದ್ದ 625 ಗೆರೆಗಳ ಪದ್ಧತಿಯಲ್ಲಿ, ಸೆಕೆಂಡಿಗೆ 50 ಅರ್ಧಚಿತ್ರಗಳು, ಬಳಸುವ ಗೆರೆಗಳು 294. 50ನ್ನು 294ರಿಂದ, ಮತ್ತೆ 3ರಿಂದ ಗುಣಿಸಿ ನೋಡಿ. ಮತ್ತೆ 44,100! ಎರಡು ಪದ್ಧತಿಗಳಿಗೂ ಹೊಂದುವ ಸಂಖ್ಯೆಯೊಂದು ಹೀಗೆ ಸಿಕ್ಕಿತು.

ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಕೂಡಿ ಕಾಂಪ್ಯಾಕ್ಟ್ ಡಿಸ್ಕ್ ರೂಪಿಸಿದಾಗ ಇದೇ ಸಂಖ್ಯೆ ಅದಕ್ಕೂ ಬಂದಿತು, ಏಕೆಂದರೆ ಸಿ.ಡಿ.ಯ ಮೂಲಪ್ರತಿಗಳು ಇಂಥ ವಿಡಿಯೋ ಟೇಪುಗಳಲ್ಲಿಯೇ ಸಿದ್ಧವಾಗುತ್ತಿದ್ದವು. 1982ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಸಿ.ಡಿ. ಮಾರಾಟಕ್ಕೆ ಬಂದಿತು. ಆ ವಿಡಿಯೋ ಟೇಪುಗಳು ಈಗ ಬಳಕೆಯಲ್ಲಿ ಇಲ್ಲ. ಅವುಗಳ ಗೆರೆಗಳನ್ನು ಎಣಿಸಿ ಪಡೆದ ಸಂಖ್ಯೆ ಮಾತ್ರ ನಿಮ್ಮ ಕಂಪ್ಯೂಟರಿನ ಹಾಡಿನ ಕಡತಗಳಲ್ಲಿ ಇನ್ನೂ ಕುಳಿತಿದೆ.

48,000 ಏಕೆ?

ಪ್ರಸಾರಕರಿಗೂ ಚಲನಚಿತ್ರದವರಿಗೂ ಈ ಸಂಖ್ಯೆ ಒಪ್ಪಿಗೆಯಾಗಲಿಲ್ಲ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚಿತ್ರಗಳು. 44,100ನ್ನು 24ರಿಂದ ಭಾಗಿಸಿದರೆ ಒಂದು ಚಿತ್ರಕ್ಕೆ 1837 ಸ್ಯಾಂಪಲ್‌ಗಳು, ಮೇಲೊಂದು ಅರ್ಧ. ಅರ್ಧ ಸ್ಯಾಂಪಲ್ಲನ್ನು ಕತ್ತರಿಸಿ ಜೋಡಿಸುವುದು ಹೇಗೆ? ಅದೇ 48,000ನ್ನು ಭಾಗಿಸಿ ನೋಡಿ: 24 ಚಿತ್ರಗಳಿಗೆ ತಲಾ 2000, 25 ಚಿತ್ರಗಳಿಗೆ ತಲಾ 1920, 30 ಚಿತ್ರಗಳಿಗೆ ತಲಾ 1600. ಎಲ್ಲಿಯೂ ಶೇಷವಿಲ್ಲ. ಪ್ರಸಾರದಲ್ಲಿ ಆಗಲೇ ಇದ್ದ 32,000ದ ಜೊತೆ ಇದಕ್ಕೆ 3ಕ್ಕೆ 2ರ ಸರಳ ಅನುಪಾತವೂ ಇತ್ತು. ಆಡಿಯೋ ಎಂಜಿನಿಯರಿಂಗ್ ಸೊಸೈಟಿ 1984ರಲ್ಲಿ ವೃತ್ತಿಪರ ಕೆಲಸಕ್ಕೆ 48,000ವನ್ನು ಶಿಫಾರಸು ಮಾಡಿತು.

ಹೀಗೆ ಒಂದೇ ಲೋಕದಲ್ಲಿ ಎರಡು ಕಾಲಮಾನಗಳು ಉಳಿದುಕೊಂಡವು. ಅವುಗಳ ನಡುವಿನ ಅನುಪಾತ 147ಕ್ಕೆ 160. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಬಹುದು, ಆದರೆ ಅದಕ್ಕೆ ಸಾಕಷ್ಟು ಲೆಕ್ಕಾಚಾರ ಮಾಡಬಲ್ಲ ಯಂತ್ರವೋ ತಂತ್ರಾಂಶವೋ ಬೇಕು. ಅದಿಲ್ಲದೆ ತಪ್ಪು ದರದಲ್ಲಿ ಓದಿದರೆ ಏನಾಗುತ್ತದೆ? 44,100ರಲ್ಲಿ ಮುದ್ರಿಸಿದ ನೃತ್ಯದ ಹಾಡನ್ನು 48,000ದಲ್ಲಿ ನುಡಿಸಿದಿರಿ ಎಂದುಕೊಳ್ಳಿ. ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನದಷ್ಟು ಏರುತ್ತದೆ. ಒಂದು ಗಂಟೆಯ ಕಾರ್ಯಕ್ರಮ 55 ನಿಮಿಷಕ್ಕೇ ಮುಗಿದುಹೋಗುತ್ತದೆ. ಹಾಡಿನ ಜೊತೆಗೆ ಕುಣಿಯಬೇಕಾದ ಕಲಾವಿದೆಯ ಪಾಡನ್ನು ನೀವೇ ಊಹಿಸಿಕೊಳ್ಳಿ.

ಇಂಥ ಗೊಂದಲ ನಮಗೆ ಹೊಸದೇನೂ ಅಲ್ಲ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ನಮ್ಮ ದೇಶದ ರೈಲುಗಳು ಮದರಾಸಿನ ಸಮಯದಂತೆ ಓಡುತ್ತಿದ್ದರೆ, ಊರುಗಳು ತಮ್ಮ ತಮ್ಮ ಸೂರ್ಯನನ್ನು ನೋಡಿ ಗಂಟೆ ಹೊಡೆಯುತ್ತಿದ್ದವು. ಮದರಾಸಿಗೂ ಮುಂಬಯಿಗೂ ಸುಮಾರು ಅರ್ಧ ಗಂಟೆಯ ಅಂತರವಿತ್ತು. 1906ರ ಜನವರಿ 1ರಂದು ಭಾರತೀಯ ನಿಗದಿತ ಸಮಯ ಜಾರಿಗೆ ಬಂದ ಮೇಲೂ ಮುಂಬಯಿ ಮತ್ತು ಕಲಕತ್ತೆಗಳು ದಶಕಗಳ ಕಾಲ ತಮ್ಮ ಹಳೆಯ ಸಮಯವನ್ನು ಬಿಡಲಿಲ್ಲ. ಕಾಲದ ವಿಷಯದಲ್ಲಿ ಒಪ್ಪಂದಕ್ಕೆ ಬರುವುದು ಎಂದೂ ಸುಲಭವಲ್ಲ.

ದರ ಒಂದೇ ಆದರೂ ಸಾಲದು

ಈಗ ಮಿಕ್ಸರಿನ ಬಳಿಗೆ ಬರೋಣ. ಹಳೆಯ ಅನಲಾಗ್ ಮಿಕ್ಸರಿನಲ್ಲಿ ಎರಡು ಮೈಕುಗಳ ಧ್ವನಿ ಬೆರೆಯುವುದೆಂದರೆ ಎರಡು ವಿದ್ಯುತ್ ಅಲೆಗಳು ಕೂಡುವುದು, ಹೊಳೆಗೆ ಹೊಳೆ ಸೇರಿದಂತೆ. ಅಲ್ಲಿ ಗಡಿಯಾರ ಬೇಕಿಲ್ಲ. ಡಿಜಿಟಲ್ ಮಿಕ್ಸರಿನಲ್ಲಿ ಆಗುವುದು ಕೂಡುವ ಲೆಕ್ಕ. ಈ ಗಳಿಗೆಯ ಗಾಯಕರ ಅಂಕಿಗೆ ಇದೇ ಗಳಿಗೆಯ ಮೃದಂಗದ ಅಂಕಿಯನ್ನು ಕೂಡಿಸಬೇಕು. ಕೂಡಿಸುವ ಹೊತ್ತಿಗೆ ಎರಡೂ ಸಿದ್ಧವಾಗಿ ನಿಂತಿರಬೇಕು.

ವೇದಿಕೆಯ ಪೆಟ್ಟಿಗೆಯೂ ಮಿಕ್ಸರೂ 48,000ಕ್ಕೇ ಹೊಂದಿಸಲ್ಪಟ್ಟಿವೆ ಎಂದು ಇಟ್ಟುಕೊಳ್ಳೋಣ. ಅಷ್ಟು ಸಾಕೆಂದು ಹಲವರು ತಿಳಿಯುತ್ತಾರೆ. ಸಾಲದು! ಯಾವ ಎರಡು ಹರಳುಗಳೂ ಸರಿಸಮವಾಗಿ ಕಂಪಿಸುವುದಿಲ್ಲ. ಅವುಗಳಲ್ಲಿ ಹತ್ತು ಲಕ್ಷಕ್ಕೆ ಕೇವಲ 10ರಷ್ಟು ವ್ಯತ್ಯಾಸವಿದ್ದರೂ ಸೆಕೆಂಡಿಗೆ 48,000 ಅಂಕಿಗಳಲ್ಲಿ ಸುಮಾರು ಅರ್ಧ ಅಂಕಿಯ ಅಂತರ ಬೀಳುತ್ತದೆ. ಅಂದರೆ ಎರಡು ಸೆಕೆಂಡಿಗೊಮ್ಮೆ ಒಂದು ಅಂಕಿ ಹೆಚ್ಚಾಗುತ್ತದೆ ಅಥವಾ ಕಡಿಮೆಯಾಗುತ್ತದೆ. ಹೆಚ್ಚಾದರೆ ಮಿಕ್ಸರ್ ಅದನ್ನು ಬಿಟ್ಟುಬಿಡುತ್ತದೆ. ಕಡಿಮೆಯಾದರೆ ಹಿಂದಿನದನ್ನೇ ಮತ್ತೊಮ್ಮೆ ಬಳಸುತ್ತದೆ. ಎರಡೂ ಸಂದರ್ಭಗಳಲ್ಲಿ ಅಲೆ ಅಲ್ಲಿ ಮುರಿಯುತ್ತದೆ. ಆ ಮುರಿತವೇ ನಾವು ಆರಂಭದಲ್ಲಿ ಕೇಳಿದ ‘ಟಿಕ್’!

ಪರಿಹಾರವೇನು? ಯಕ್ಷಗಾನವನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಮದ್ದಳೆಯವರಿಗೂ ಚೆಂಡೆಯವರಿಗೂ ಲಯಜ್ಞಾನ ಇದ್ದೇ ಇರುತ್ತದೆ. ಆದರೂ ತಾಳ ಭಾಗವತರದು. ಉಳಿದವರೆಲ್ಲರೂ ತಮ್ಮ ಲೆಕ್ಕವನ್ನು ಬದಿಗಿಟ್ಟು ಭಾಗವತರ ತಾಳವನ್ನು ಅನುಸರಿಸುತ್ತಾರೆ. ಡಿಜಿಟಲ್ ಧ್ವನಿಯಲ್ಲಿಯೂ ಹಾಗೆಯೇ. ಒಂದು ಯಂತ್ರದ ಗಡಿಯಾರ ಮುಂದಾಳು, ಉಳಿದವೆಲ್ಲ ತಮ್ಮ ಹರಳನ್ನು ಬದಿಗಿಟ್ಟು ಅದನ್ನು ಅನುಸರಿಸಬೇಕು.

ಈ ನಿಯಮವೂ ಹಂತ ಹಂತವಾಗಿ ರೂಪುಗೊಂಡಿತು. 1985ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿ ಮತ್ತು ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ನುಗಳ ಹೆಸರಿನಲ್ಲಿ ಪ್ರಸಿದ್ಧವಾದ ಸಂಪರ್ಕ ವಿಧಾನ ಬಂದಿತು. ಅದರಲ್ಲಿ ಅಂಕಿಗಳ ಜೊತೆಗೇ ಕಾಲದ ಗುರುತೂ ಸಾಗುತ್ತದೆ. ಪಡೆಯುವ ಯಂತ್ರ ಅದರಿಂದಲೇ ತಾಳವನ್ನು ಹಿಡಿಯಬಹುದು. ಸ್ಟುಡಿಯೋಗಳಲ್ಲಿ ತಾಳಕ್ಕೇ ಪ್ರತ್ಯೇಕವಾದ ತಂತಿಯೂ ಬಳಕೆಗೆ ಬಂದಿತು. ಅದೇ ‘ವರ್ಡ್ ಕ್ಲಾಕ್’. 1987ರಲ್ಲಿ ಯಮಾಹಾ ಕಂಪನಿಯ ಡಿ.ಎಂ.ಪಿ. 7 ಎಂಬ ಸಣ್ಣ ಡಿಜಿಟಲ್ ಮಿಕ್ಸರ್ ಬಂದಿತು. ಡಿಜಿಟಲ್ ಯಂತ್ರಗಳು ಒಂದಕ್ಕೊಂದು ಜೋಡಿಯಾಗತೊಡಗಿದಾಗ, ಅವೆಲ್ಲವೂ ಒಂದೇ ಮೂಲಗಡಿಯಾರಕ್ಕೆ ಹೇಗೆ ಹೊಂದಿಕೊಳ್ಳಬೇಕೆಂಬುದನ್ನು ಸೊಸೈಟಿ 1991ರಲ್ಲಿ ಇನ್ನೊಂದು ಶಿಫಾರಸಿನಲ್ಲಿ ಹೇಳಿತು. ಉತ್ತಮ ದರ್ಜೆಯ ಮೂಲಗಡಿಯಾರ ಹತ್ತು ಲಕ್ಷಕ್ಕೆ 1ಕ್ಕಿಂತ ಹೆಚ್ಚು ತಪ್ಪಬಾರದೆಂದು ಅದು ವಿಧಿಸಿತು. ದೂರದರ್ಶನ ಕೇಂದ್ರಗಳಿಗೆ ಈ ಕ್ರಮ ಹೊಸದಾಗಿರಲಿಲ್ಲ. ಕ್ಯಾಮೆರಾಗಳ ಚಿತ್ರಗಳು ಜಿಗಿಯದಂತೆ ಎಲ್ಲವನ್ನೂ ಒಂದೇ ಮೂಲ ಸ್ಪಂದನಕ್ಕೆ ಹೊಂದಿಸುವುದು ಅಲ್ಲಿ ಹಿಂದಿನಿಂದ ಬಂದ ಪದ್ಧತಿ.

2000ದ ನಂತರದ ದಶಕದಲ್ಲಿ ಡಿಜಿಟಲ್ ಮಿಕ್ಸರುಗಳು ಸ್ಟುಡಿಯೋ ಬಿಟ್ಟು ನೇರ ಕಾರ್ಯಕ್ರಮಗಳ ಅಂಗಳಕ್ಕೆ ವ್ಯಾಪಕವಾಗಿ ಬಂದವು. ಆಮೇಲೆ ಧ್ವನಿ ಕಂಪ್ಯೂಟರ್ ಜಾಲದ ತಂತಿಯಲ್ಲಿಯೇ ಸಾಗತೊಡಗಿತು. ಜಾಲದ ಮೂಲಕ ಗಡಿಯಾರಗಳನ್ನು ಸರಿಹೊಂದಿಸುವ ವಿಧಾನವೊಂದು 2002ರಲ್ಲಿ ಪ್ರಮಾಣೀಕೃತವಾಗಿತ್ತು. ಆಸ್ಟ್ರೇಲಿಯಾದ ಆಡಿನೇಟ್ ಕಂಪನಿಯ ‘ಡಾಂಟೆ’ ವ್ಯವಸ್ಥೆ ಅದನ್ನು ಬಳಸುತ್ತದೆ. ಅಲ್ಲಿ ಯಂತ್ರಗಳು ತಮ್ಮೊಳಗೇ ಒಂದನ್ನು ಮುಂದಾಳಾಗಿ ಆರಿಸಿಕೊಳ್ಳುತ್ತವೆ. ಅದು ಕೆಟ್ಟರೆ ಇನ್ನೊಂದು ಆ ಜಾಗಕ್ಕೆ ಬರುತ್ತದೆ. ಆದರೂ ಸ್ಯಾಂಪಲ್ ದರವನ್ನು ಹೊಂದಿಸುವ ಹೊಣೆ ಮನುಷ್ಯನದೇ.

ನೀವು ಮಾಡಬೇಕಾದದ್ದು

ನಿಮ್ಮಲ್ಲಿ ಕೆಲವರು ಕಾಲೇಜಿನ ಸಮಾರಂಭಗಳಲ್ಲಿ ಮಿಕ್ಸರಿನ ಮುಂದೆ ಕೂರಬಹುದು. ಅಂಥವರು ಈ ಕೆಲವು ಸಂಗತಿಗಳನ್ನು ನೆನಪಿನಲ್ಲಿಡಿ.

ಮೈಕುಗಳೆಲ್ಲ ಸಾಮಾನ್ಯ ತಂತಿಯಲ್ಲಿ ನೇರವಾಗಿ ಮಿಕ್ಸರಿಗೇ ಬರುತ್ತಿದ್ದರೆ ಗಡಿಯಾರದ ಚಿಂತೆಯಿಲ್ಲ; ಒಳಗಿನ ಗಡಿಯಾರವೇ ಸಾಕು. ಎರಡನೆಯ ಡಿಜಿಟಲ್ ಯಂತ್ರ ಅಂಕಿಗಳ ರೂಪದಲ್ಲಿಯೇ ಜೋಡಿಯಾದ ಕ್ಷಣ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ: ದರ ಎಷ್ಟು? ತಾಳ ಯಾರದು? ಕಾರ್ಯಕ್ರಮವನ್ನು ವಿಡಿಯೋ ಮಾಡುವುದಿದ್ದರೆ 48 ಕಿಲೋಹರ್ಟ್ಸ್ ಇಡುವುದು ವಾಡಿಕೆ. ಇನ್ನು ಕೆಲವು ಮಿಕ್ಸರುಗಳು ಇದರ ಎರಡರಷ್ಟು, ಅಂದರೆ 96ರಲ್ಲಿ ನಡೆಯುತ್ತವೆ. ಸಾಮಾನ್ಯವಾಗಿ ಮಿಕ್ಸರಿನ ಗಡಿಯಾರವನ್ನು ‘ಒಳಗಿನದು’ ಎಂದು ಇಟ್ಟು, ವೇದಿಕೆಯ ಪೆಟ್ಟಿಗೆಯನ್ನು ಅದನ್ನು ಅನುಸರಿಸುವಂತೆ ಹೊಂದಿಸುತ್ತಾರೆ. ಪ್ರಸಾರದ ವಾಹನವೋ ಸ್ಟುಡಿಯೋದ ಮೂಲಗಡಿಯಾರವೋ ಇದ್ದಲ್ಲಿ ಮಿಕ್ಸರೇ ಅದನ್ನು ಅನುಸರಿಸಬೇಕಾಗಬಹುದು. ಯಾವುದೇ ಆದರೂ ಮುಂದಾಳು ಒಂದೇ ಇರಬೇಕು. ಇಬ್ಬರು ಮುಂದಾಳುಗಳಿದ್ದರೆ ಟಿಕ್ ಸದ್ದು ತಪ್ಪದು. ಇಬ್ಬರೂ ಹಿಂಬಾಲಕರಾದರೆ ತಾಳ ಹಾಕುವವರೇ ಇಲ್ಲದಂತಾಗುತ್ತದೆ. ಬೇರೆ ದರದ ಯಂತ್ರವನ್ನು ಸೇರಿಸಲೇಬೇಕಾದರೆ ದರ ಪರಿವರ್ತಕದ ಮೂಲಕ ಸೇರಿಸಿ.

ಇನ್ನೊಂದು ಎಚ್ಚರಿಕೆ. ಈ ಆಯ್ಕೆಗಳನ್ನು ಬದಲಾಯಿಸುವ ಗಳಿಗೆಯಲ್ಲಿ ದೊಡ್ಡ ಸದ್ದು ಹೊರಡಬಹುದು. ಅದು ಸ್ಪೀಕರಿಗೂ ಕೇಳುಗರ ಕಿವಿಗೂ ಅಪಾಯ. ಮೊದಲು ಹೊರಹೋಗುವ ಧ್ವನಿಯನ್ನು ಪೂರ್ತಿ ತಗ್ಗಿಸಿ, ಆನಂತರ ಬದಲಾಯಿಸಿ. ಸಭಿಕರು ಬಂದು ಕೂರುವ ಮೊದಲೇ ಈ ಕೆಲಸ ಮುಗಿದಿರಲಿ.

ಅಂಕಿ ಎಂದರೆ ನಿಖರ, ಅಂಕಿಯಲ್ಲಿ ತಪ್ಪಿಲ್ಲ ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಈ ಚರಿತ್ರೆ ನಮಗೆ ಹೇಳುವುದೇ ಬೇರೆ. ಯಾವ ಕಾಲದ ಅಂಕಿ ಎಂಬುದು ಗೊತ್ತಿಲ್ಲದಿದ್ದರೆ, ಎಷ್ಟೇ ನಿಖರವಾದ ಅಂಕಿಯಿಂದಲೂ ಹಾಡು ಹುಟ್ಟುವುದಿಲ್ಲ. ಆ ಕಾಲವನ್ನು ಕೊಟ್ಟದ್ದು ಹರಳು. ಯಾವ ಹರಳಿನ ಮಾತು ನಡೆಯಬೇಕೆಂದು ಒಪ್ಪಿಕೊಂಡದ್ದು ಮನುಷ್ಯರು. ಮುಂದೆ ನೀವು ಮಿಕ್ಸರಿನ ಪರದೆಯ ಮೇಲೆ 44.1 ಮತ್ತು 48 ಎಂಬ ಅಂಕಿಗಳನ್ನು ಕಂಡಾಗ, ಒಂದರ ಹಿಂದೆ ವಿಡಿಯೋ ಟೇಪಿನ ಗೆರೆಗಳೂ ಇನ್ನೊಂದರ ಹಿಂದೆ ಚಲನಚಿತ್ರದ ಚೌಕಟ್ಟುಗಳೂ ಇವೆ ಎಂಬುದನ್ನು ನೆನೆಯಿರಿ. ಆಮೇಲೆ ಗಡಿಯಾರದ ಸಾಲನ್ನು ಒಮ್ಮೆ ಪರೀಕ್ಷಿಸಿ, ಕಾರ್ಯಕ್ರಮವನ್ನು ಆರಂಭಿಸಿ.